ಅಜ್ಜನ ಪಹಣಿ ಮತ್ತು ನಿದ್ದೆ ಹೋದ ನಂಬರುಗಳು

ನಮ್ಮಜ್ಜ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಈಗ ಬಿಇ ಐದನೇ ಸೆಮಿಸ್ಟರ್. ಇರಕಲ್ಲಗಡದ ನಮ್ಮ ಹೊಲದ ಪಹಣಿ ಮಾತ್ರ ಇವತ್ತಿಗೂ ಅಜ್ಜನ ಹೆಸರಿನಲ್ಲೇ ಇದೆ. ಉಳುವುದು ಅಪ್ಪ, ಬಿತ್ತುವುದು ಅಪ್ಪ, ಮೆಕ್ಕೆಜೋಳ ಮಾರಿ ನನ್ನ ಹಾಸ್ಟೆಲ್ ಫೀ ಕಟ್ಟುವುದೂ ಅಪ್ಪನೇ. ಕಾಗದದಲ್ಲಿ ಮಾತ್ರ ಅಜ್ಜ ಇನ್ನೂ ಬದುಕಿದ್ದಾರೆ. ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ‘ಮೊದಲು ಪೌತಿ ಖಾತೆ ಮಾಡಿಸ್ಕೊಂಡು ಬರ್ರಿ’ ಎಂದರು. ಅಪ್ಪ ‘ಮಾಡಿಸೋಣ ತಗೋ, ಹೊಲ ಎಲ್ಲಿ ಓಡಿ ಹೋಗ್ತೈತಿ’ ಎಂದು ಸುಮ್ಮನಾದರು. ತಪ್ಪು ಕಚೇರಿಯದ್ದಲ್ಲ, ನಮ್ಮ ಮನೆಯದ್ದೇ.

ದೀಪಾವಳಿ ರಜೆಗೆ ಊರಿಗೆ ಬಂದಿದ್ದಾಗ ಈ ಮಾತು ನಡೆದಿತ್ತು. ಅದೇ ರಜೆಯಲ್ಲಿ ಇಂಟರ್ನಲ್ಸ್‌ಗೆಂದು ಕಂಪ್ಯೂಟರ್ ನೆಟ್‌ವರ್ಕ್ಸ್ ಓದುತ್ತ ಕೂತಿದ್ದೆ. ನಮ್ಮ ಪಾಲಿಗೆ ಬಿಜಿಪಿ ಎಂದರೆ ಹತ್ತು ಅಂಕದ ಒಂದು ಪ್ರಶ್ನೆ. ಚಿತ್ರ ಬರೆದು ನಾಲ್ಕು ಸಾಲು ಬರೆದರೆ ಏಳು ಅಂಕ ಗ್ಯಾರಂಟಿ. ಆದರೆ ಓದುತ್ತ ಹೋದಂತೆ ನನಗೆ ಅಜ್ಜನ ಪಹಣಿಯೇ ಕಣ್ಣೆದುರು ಬಂತು. ಇಂಟರ್ನೆಟ್‌ನಲ್ಲೂ ಪಹಣಿ ಇದೆ, ಸತ್ತವರ ಹೆಸರಿನ ಪಹಣಿಗಳೂ ಇವೆ.

ಇಂಟರ್ನೆಟ್ ಒಂದೇ ದೊಡ್ಡ ಜಾಲವಲ್ಲ, ಸಾವಿರಾರು ಜಾಲಗಳು ಒಂದಕ್ಕೊಂದು ಕೈ ಹಿಡಿದು ನಿಂತಿರುವ ಸಂತೆ. ಪ್ರತಿ ಜಾಲಕ್ಕೂ ಒಂದು ನಂಬರು ಇರುತ್ತದೆ. ಅದಕ್ಕೆ ಅಟಾನಮಸ್ ಸಿಸ್ಟಮ್ ನಂಬರ್, ಚುಟುಕಾಗಿ ಎಎಸ್ ನಂಬರ್ ಎನ್ನುತ್ತಾರೆ. ಏರ್‌ಟೆಲ್‌ನದ್ದು 9498, ಬಿಎಸ್ಸೆನ್ನೆಲ್‌ನದ್ದು 9829, ಜಿಯೊದ್ದು 55836. ‘ಈ ಐಪಿ ವಿಳಾಸಗಳು ನನ್ನ ಹತ್ತಿರ ಇವೆ, ಇತ್ತ ಕಳಿಸಿ’ ಎಂದು ಪ್ರತಿ ಜಾಲವೂ ತನ್ನ ನಂಬರು ಹೇಳಿ ಅಕ್ಕಪಕ್ಕದವರಿಗೆ ಸಾರುತ್ತದೆ. ಅವರು ತಮ್ಮ ಪಕ್ಕದವರಿಗೆ ಹೇಳುತ್ತಾರೆ. ಹೀಗೆ ಡಂಗುರ ಸಾರುವ ಪದ್ಧತಿಯೇ ಬಿಜಿಪಿ. ಯಾವ ನಂಬರು ಯಾರದ್ದು ಎಂಬ ದಫ್ತರವನ್ನು ಜಗತ್ತಿನಲ್ಲಿ ಐದು ಪ್ರಾದೇಶಿಕ ಸಂಸ್ಥೆಗಳು ಇಟ್ಟುಕೊಂಡಿವೆ. ನಮ್ಮದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಏಪ್ನಿಕ್. ಅದರ ಕೆಳಗೆ ಭಾರತದ ಲೆಕ್ಕ ನೋಡುವುದು ಐಆರ್‌ಐಎನ್‌ಎನ್. 2012ರಿಂದ ನಿಕ್ಸಿ ಸಂಸ್ಥೆ ಅದನ್ನು ನಡೆಸುತ್ತಿದೆ.

ತಮಾಷೆ ಏನೆಂದರೆ, ಡಂಗುರ ಕೇಳುವ ರೂಟರ್ ಮೂಲತಃ ಈ ದಫ್ತರ ತೆಗೆದು ನೋಡುವುದೇ ಇಲ್ಲ. ಹೇಳಿದ್ದನ್ನು ನಂಬುತ್ತದೆ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಮಾತ್ರ ಯೂಟ್ಯೂಬ್ ತಡೆಯಲು ಹೋಗಿ, ಯೂಟ್ಯೂಬ್‌ನ ವಿಳಾಸಗಳು ತನ್ನಲ್ಲಿವೆ ಎಂಬ ಡಂಗುರವನ್ನು ಹೊರಗೂ ಬಿಟ್ಟಿತು. ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಅದನ್ನು ಮುಂದಕ್ಕೆ ದಾಟಿಸಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ನಮ್ಮಲ್ಲೂ ಆಗಿದೆ. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ ಜಾಲ, ತನ್ನದಲ್ಲದ ಮೂವತ್ತು ಸಾವಿರಕ್ಕೂ ಹೆಚ್ಚು ವಿಳಾಸ ಗುಚ್ಛಗಳನ್ನು ತನ್ನವೆಂದು ಸಾರಿಬಿಟ್ಟಿತು. ಎರಡೂ ಕೈತಪ್ಪಿ ಆದವು. ಎರಡೂ ಬೇಗ ಗೊತ್ತಾದವು. ಕಾರಣ ಸರಳ: ವಿಳಾಸಗಳ ನಿಜವಾದ ಮಾಲೀಕರು ಎಚ್ಚರವಿದ್ದರು. ಸೈಟು ನಿಂತಿತು, ಬೊಬ್ಬೆ ಬಿತ್ತು.

ಮಾಲೀಕನೇ ಇಲ್ಲದಿದ್ದರೆ ಬೊಬ್ಬೆ ಹೊಡೆಯುವವರು ಯಾರು?

ಒಂದು ಕಂಪನಿ ಹುಟ್ಟುತ್ತದೆ, ಎಎಸ್ ನಂಬರು ಮತ್ತು ಒಂದಿಷ್ಟು ಐಪಿ ವಿಳಾಸ ತೆಗೆದುಕೊಳ್ಳುತ್ತದೆ. ನಾಲ್ಕು ವರ್ಷ ನಡೆದು ಮುಚ್ಚುತ್ತದೆ, ಅಥವಾ ದೊಡ್ಡವರ ಪಾಲಾಗುತ್ತದೆ. ನಂಬರು ದಫ್ತರದಲ್ಲಿ ಹಾಗೇ ಉಳಿಯುತ್ತದೆ. ಜಾಗತಿಕ ರೂಟಿಂಗ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಇಂಥವನ್ನೇ ನಾನು ನಿದ್ದೆ ಹೋದ ನಂಬರು ಎನ್ನುತ್ತಿರುವುದು. ಇನ್ನೊಂದು ವಸ್ತು ಸದ್ದಿಲ್ಲದೆ ಸಾಯುತ್ತದೆ, ಕಂಪನಿಯ ಡೊಮೇನ್ ಹೆಸರು. ವರ್ಷದ ಶುಲ್ಕ ಕಟ್ಟದಿದ್ದರೆ ಅದು ಮಾರುಕಟ್ಟೆಗೆ ವಾಪಸ್. ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನಿಗೆ ಆ ಕಂಪನಿಯ ಹಳೆಯ ಇಮೇಲ್ ವಿಳಾಸವೂ ಸಿಗುತ್ತದೆ. ಆ ವಿಳಾಸವೇ ದಫ್ತರದಲ್ಲಿ ‘ಸಂಪರ್ಕಕ್ಕೆ’ ಎಂದು ಬರೆದಿದ್ದರೆ? ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದರೆ ಉತ್ತರ ಅವನಿಗೇ ಬರುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಯುರೋಪಿನ ದಫ್ತರವನ್ನು ಜಾಲಾಡಿ, ಈ ದಾರಿಯಲ್ಲಿ ವಶವಾಗಬಲ್ಲ ಜಾಲಗಳು ನಿಜಕ್ಕೂ ಇವೆ ಎಂದು ತೋರಿಸಿದ್ದಾರೆ. ಕೆಲವರಿಗೆ ಇಷ್ಟೂ ಬೇಡ. ‘ಈ ವಿಳಾಸಗಳನ್ನು ಬಳಸಲು ಇವರಿಗೆ ಅಧಿಕಾರ ಕೊಟ್ಟಿದ್ದೇವೆ’ ಎಂಬ ನಕಲಿ ಪತ್ರ ಸಾಕು, ಸಂಪರ್ಕ ಕೊಡುವ ಕಂಪನಿ ಕೇಳದೆ ಒಪ್ಪಿಬಿಡುತ್ತದೆ. ನಕಲಿ ವಂಶವೃಕ್ಷ ಮಾಡಿಸಿ ಸತ್ತವರ ಹೊಲಕ್ಕೆ ಖಾತೆ ಹಾಕಿಸಿಕೊಂಡ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನಿಲ್ಲ.

ದಫ್ತರ ಕಾಯುವವರ ಕಡೆಯಿಂದಲೇ ಮೋಸವಾದ ಉದಾಹರಣೆಯೂ ಇದೆ. ಆಫ್ರಿಕಾ ಖಂಡದ ಲೆಕ್ಕ ಇಡುವ, ಮಾರಿಷಸ್‌ನಲ್ಲಿರುವ ಆಫ್ರಿನಿಕ್‌ನಲ್ಲಿ 2019ರಲ್ಲಿ ಹಗರಣ ಹೊರಬಿತ್ತು. ನಲವತ್ತು ಲಕ್ಷದಷ್ಟು ಐಪಿ ವಿಳಾಸಗಳು ಅಕ್ರಮವಾಗಿ ಕೈ ಬದಲಿಸಿದ್ದವು. ಒಂದಷ್ಟು ಸಂಸ್ಥೆಯ ದಾಸ್ತಾನಿನವು, ಉಳಿದವು ಎಂದೋ ಪಡೆದು ಮರೆತುಹೋದ ಹಳೆಯ ಹಂಚಿಕೆಗಳು. ಆರೋಪ ಬಂದದ್ದು ಒಳಗಿನ ನೌಕರನ ಮೇಲೇ.

ಕದ್ದವರು ಅದನ್ನು ಏನು ಮಾಡುತ್ತಾರೆ ಎಂದು ಕೇಳಬಹುದು. ನೀವು ಕೆಲಸ ಹುಡುಕುತ್ತಿರುವವರಾದರೆ ಉತ್ತರ ನಿಮ್ಮ ಇನ್‌ಬಾಕ್ಸ್‌ನಲ್ಲೇ ಸಿಗಬಹುದು. ‘ನೀವು ಆಯ್ಕೆಯಾಗಿದ್ದೀರಿ, ರಿಜಿಸ್ಟ್ರೇಷನ್ ಫೀ ಕಟ್ಟಿ’ ಎನ್ನುವ ತರಹದ ಮೇಲ್‌ಗಳನ್ನು ರಾಶಿಗಟ್ಟಲೆ ಕಳಿಸುವವರಿಗೆ ಕಪ್ಪುಪಟ್ಟಿ ಸೇರದ ವಿಳಾಸ ಬೇಕು. ಸುಮ್ಮನೆ ಮಲಗಿದ್ದ ವಿಳಾಸದ ಮೇಲೆ ಯಾರ ದೂರೂ ಇರುವುದಿಲ್ಲ. ಹತ್ತು ವರ್ಷ ಊರಲ್ಲಿ ಯಾರ ತಂಟೆಗೂ ಹೋಗದವನ ಹೆಸರು ಹೇಳಿ ಸಾಲ ಎತ್ತಿದ ಹಾಗೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಯಾವ ಎಎಸ್ ನಂಬರು ರೂಟಿಂಗ್ ಪಟ್ಟಿಯಲ್ಲಿ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ಗುಟ್ಟೇನಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಯೋಜನೆಯ ಮಾಹಿತಿ ಯಾರಿಗೆ ಬೇಕಾದರೂ ಉಚಿತ. ಮಿನಿ ಪ್ರಾಜೆಕ್ಟ್‌ಗೆ ವಿಷಯ ಸಿಕ್ಕಿತು ಎಂದು ಭಾರತದ ಒಂದಿಷ್ಟು ನಂಬರುಗಳನ್ನು ತಾಳೆ ನೋಡಿದೆ. ಒಂದು ಸಣ್ಣ ಕಂಪನಿ ಸಿಕ್ಕಿತು. ವೆಬ್‌ಸೈಟ್ ಇಲ್ಲ, ಸಂಪರ್ಕದ ಇಮೇಲ್‌ಗೆ ಬರೆದರೆ ಹಾಗೇ ವಾಪಸ್ ಬಂತು. ಡೊಮೇನ್ ಮಾರಾಟಕ್ಕೆ ಇತ್ತು. ಬೆಲೆ ನನ್ನ ಒಂದು ತಿಂಗಳ ಮೊಬೈಲ್ ರೀಚಾರ್ಜ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಯುಪಿಐ ಪುಟದವರೆಗೂ ಹೋಗಿದ್ದೆ. ‘ಸುಮ್ಮನೆ ನೋಡೋಣ, ಮೇಲ್ ಬರುತ್ತೋ ಇಲ್ಲವೋ’ ಎಂದು ಮನಸ್ಸು ಹೇಳುತ್ತಿತ್ತು. ಪ್ರಯೋಗ ಅಂದುಕೊಂಡೇ ಎಷ್ಟು ಜನ ಆ ಗುಂಡಿ ಒತ್ತಿರಬಹುದು ಎನಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನ ಏಪ್ನಿಕ್‌ನಲ್ಲಿ ತಪ್ಪು ಸಂಪರ್ಕ ವಿವರ ತಿಳಿಸಲೆಂದೇ ಇರುವ ಅರ್ಜಿ ತುಂಬಿದೆ. ಆ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕಳ್ಳನಿಗೆ ವಿಳಾಸ ಕೊಟ್ಟ ಹಾಗಾಗುತ್ತದೆ.

ಇದನ್ನು ಹೇಳಿದಾಗ ರೂಮ್‌ಮೇಟ್ ಒಂದೇ ಮಾತಿಗೆ ತೀರ್ಮಾನ ಕೊಟ್ಟ: ‘ಬಳಸದೇ ಇರೋವನ್ನೆಲ್ಲ ಕ್ಯಾನ್ಸಲ್ ಮಾಡಬೇಕು, ಮುಗೀತು.’ ನನಗೂ ಮೊದಲು ಹಾಗೇ ಅನಿಸಿತ್ತು. ಈಗ ಅನಿಸುತ್ತಿಲ್ಲ.

ನಮ್ಮ ಜಿಲ್ಲೆಯವರಿಗೆ ಗುಳೆ ಎಂದರೆ ಏನೆಂದು ವಿವರಿಸಬೇಕಿಲ್ಲ. ಸುಗ್ಗಿ ಮುಗಿದರೆ ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಬೀಗ. ಬೆಂಗಳೂರು, ಮಂಗಳೂರು, ಗೋವಾ ಎಂದು ಹೋದವರು ಯುಗಾದಿಗೋ ಜಾತ್ರೆಗೋ ಬರುತ್ತಾರೆ. ಬೀಗ ನೋಡಿ ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದುಕೊಂಡು ಹೋದರೆ ಅವರ ರೇಷನ್ ಕಾರ್ಡಿನ ಗತಿ ಏನು? ನೆಟ್‌ವರ್ಕ್‌ಗಳಲ್ಲೂ ಹೀಗೆಯೇ. ಜಾಗತಿಕ ಪಟ್ಟಿಯಲ್ಲಿ ಕಾಣದ ನಂಬರು ಯಾವುದೋ ಖಾಸಗಿ ಜೋಡಣೆಯಲ್ಲಿ, ಸಂಸ್ಥೆಯ ಒಳಜಾಲದಲ್ಲಿ ದುಡಿಯುತ್ತಿರಬಹುದು. 2012ರಲ್ಲಿ ಬ್ರಿಟನ್ನಿನ ಪಿಂಚಣಿ ಇಲಾಖೆಯ ಹೆಸರಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ವಿಳಾಸ ಸುಮ್ಮನೆ ಬಿದ್ದಿವೆ, ಮಾರಿಬಿಡಿ ಎಂದು ಜನ ಅರ್ಜಿ ಹಾಕಿದರು. ನೋಡಿದರೆ ಅವುಗಳಲ್ಲಿ ಬಹುಪಾಲು ಸರ್ಕಾರದ ಒಳಜಾಲದ ಬಳಕೆಗೇ ಮೀಸಲಾಗಿದ್ದವು, ಹೊರಗೆ ಕಾಣುತ್ತಿರಲಿಲ್ಲ ಅಷ್ಟೇ. ಇಂಥ ನಂಬರನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ಒಂದೇ ನಂಬರಿಗೆ ಇಬ್ಬರು ಯಜಮಾನರು. ಬಿಜಿಪಿಯಲ್ಲಿ ದಾರಿಯೊಳಗೆ ತನ್ನದೇ ನಂಬರು ಕಂಡರೆ ರೂಟರ್ ಆ ದಾರಿಯನ್ನು ಸುತ್ತು ಎಂದು ಭಾವಿಸಿ ಬಿಸಾಡುತ್ತದೆ. ಅಂದರೆ ಆ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತಾಗುತ್ತಾರೆ.

ಮಲಗಿದ್ದವರು ಒಮ್ಮೆಲೇ ಎದ್ದರೂ ಗಲಿಬಿಲಿಯೇ. 2021ರ ಜನವರಿ 20ರಂದು, ಅಮೆರಿಕದಲ್ಲಿ ಅಧ್ಯಕ್ಷರು ಬದಲಾಗುವ ಹೊತ್ತಿಗೆ ಸರಿಯಾಗಿ, ಫ್ಲಾರಿಡಾದ ಯಾರೂ ಹೆಸರು ಕೇಳದ ಕಂಪನಿಯೊಂದು 8003 ಎಂಬ ಎಎಸ್ ನಂಬರಿನಿಂದ ಅಲ್ಲಿನ ರಕ್ಷಣಾ ಇಲಾಖೆಯ ವಿಳಾಸಗಳನ್ನು ಸಾರತೊಡಗಿತು. ಕೆಲವೇ ತಿಂಗಳಲ್ಲಿ ಅದು ಹದಿನೇಳು ಕೋಟಿ ದಾಟಿತು. ಕಳ್ಳತನ ಎಂದುಕೊಂಡವರೇ ಹೆಚ್ಚು. ತನ್ನ ವಿಳಾಸಗಳ ಅಕ್ರಮ ಬಳಕೆ ಪತ್ತೆಹಚ್ಚುವ ಪ್ರಯೋಗ ಇದು ಎಂದು ಪೆಂಟಗನ್ ಆಮೇಲೆ ಹೇಳಿತು. ಆ ವಿಳಾಸಗಳು ಹೇಗೂ ಹೊರಗೆ ಕಾಣುವುದಿಲ್ಲವಲ್ಲ ಎಂದು ಹಲವು ಸಂಸ್ಥೆಗಳು ತಮ್ಮ ಒಳಜಾಲಕ್ಕೆ ಅವನ್ನೇ ಬಳಸಿಕೊಂಡಿದ್ದವು. ಬೀಳು ಬಿದ್ದ ಹೊಲದಲ್ಲಿ ಬಂಡಿ ದಾರಿ ಮಾಡಿಕೊಂಡವರಿಗೆ ಒಂದು ಬೆಳಗ್ಗೆ ಬೇಲಿ ಕಂಡ ಹಾಗೆ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಸಾದಾ ಇದೆ. ಕಿತ್ತುಕೊಳ್ಳುವ ಮೊದಲು ಬಾಗಿಲು ಬಡಿಯಿರಿ, ನಿಜವಾಗಿ ಬಡಿಯಿರಿ. ದೂರು ಸ್ವೀಕರಿಸುವ ಇಮೇಲ್ ಜೀವಂತವಿದೆಯೇ ಎಂದು ಏಪ್ನಿಕ್ ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತದೆ, ಒಳ್ಳೆಯದೇ. ಆದರೆ ಡೊಮೇನ್ ಕಳ್ಳನ ಕೈಯಲ್ಲಿದ್ದರೆ ಆ ಮೇಲ್‌ಗೆ ಎಲ್ಲರಿಗಿಂತ ಮೊದಲು ಉತ್ತರಿಸುವವನು ಅವನೇ. ಇಮೇಲ್ ಜೊತೆಗೆ ಕಂಪನಿ ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ, ಡೊಮೇನ್ ಇತ್ತೀಚೆಗೆ ಕೈ ಬದಲಿಸಿದೆಯೇ ಎಂದೂ ನೋಡಬೇಕು. ಬಳಕೆ ನಿಂತ ಮೊಬೈಲ್ ನಂಬರನ್ನು ಕನಿಷ್ಠ 90 ದಿನ ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟ್‌ಗೆ ಹೇಳಿತ್ತು. ಎಎಸ್ ನಂಬರಿಗೆ ಅದಕ್ಕಿಂತ ಬಹಳ ಉದ್ದದ ಗಡುವು ಇರಲಿ. ಅವಸರವೇನೂ ಇಲ್ಲ. ಮೊದಲು 16 ಬಿಟ್‌ನಲ್ಲಿ 65,536 ನಂಬರು ಮಾತ್ರ ಇದ್ದವು, 32 ಬಿಟ್ ಬಂದ ಮೇಲೆ 400 ಕೋಟಿಗೂ ಹೆಚ್ಚು. ಐಪಿವಿ4 ವಿಳಾಸಕ್ಕಿರುವ ಬರ ಇಲ್ಲಿಲ್ಲ.

ಇನ್ನೊಂದು ಮಾತು ನಮ್ಮಂಥ ವಿದ್ಯಾರ್ಥಿಗಳಿಗೆ. ಆರ್‌ಪಿಕೆಐ ಬಂದ ಮೇಲೆ ಎಲ್ಲ ಭದ್ರ ಎಂದು ಬರೆದರೆ ಅಂಕ ಸಿಗಬಹುದು, ಆದರೆ ಅದು ಪೂರ್ತಿ ನಿಜವಲ್ಲ. ‘ಈ ವಿಳಾಸವನ್ನು ಇಂಥ ಎಎಸ್ ಮಾತ್ರ ಸಾರಬಹುದು’ ಎಂದು ಸಹಿ ಮಾಡಿಡುವ ಪತ್ರಕ್ಕೆ ರೋವಾ ಎನ್ನುತ್ತಾರೆ. ರೂಟರ್ ಅದರಲ್ಲಿ ಮೂಲದ ನಂಬರನ್ನಷ್ಟೇ ತಾಳೆ ನೋಡುತ್ತದೆ. ನಿದ್ದೆ ಹೋದವನ ನಂಬರನ್ನೇ ಮೂಲವೆಂದು ಕಳ್ಳ ಹಾಕಿಕೊಂಡರೆ ಪರೀಕ್ಷೆಯಲ್ಲಿ ಪಾಸು. ನಿಜವಾದವನು ಸುಮ್ಮನಿರುವುದರಿಂದ ಎದುರು ಡಂಗುರವೂ ಇಲ್ಲ. ಇದಕ್ಕೆ ಮದ್ದು ಇದೆ. ಸದ್ಯ ಬಳಸದ ವಿಳಾಸಕ್ಕೆ ಮೂಲ ನಂಬರು ಸೊನ್ನೆ ಎಂದು ರೋವಾ ಬರೆದಿಡಬೇಕು. ಯಾರೂ ಸಾರುವಂತಿಲ್ಲ ಎಂದು ಅದರ ಅರ್ಥ. ಹಂಚದೇ ಉಳಿದ ತನ್ನ ವಿಳಾಸಗಳಿಗೆ ಏಪ್ನಿಕ್ 2020ರಿಂದ ಹೀಗೆ ಬೀಗ ಹಾಕಿದೆ. ಗುಳೆ ಹೋಗುವವರು ಬೀಗ ಹಾಕಿಕೊಂಡು ಹೋಗುವುದಿಲ್ಲವೇ? ಕಂಪನಿ ಮುಚ್ಚುವವರೂ ಅಷ್ಟು ಮಾಡಬಹುದು, ಇಲ್ಲವೇ ನಂಬರು ವಾಪಸ್ ಕೊಡಬಹುದು. ಆಫೀಸಿನ ಕುರ್ಚಿ, ಎಸಿ ಹರಾಜು ಹಾಕುವವರು ದಫ್ತರದಲ್ಲಿ ತಮ್ಮ ಹೆಸರು ಉಳಿದಿದೆ ಎಂಬುದನ್ನೇ ಮರೆಯುತ್ತಾರೆ.

ನಾನು ಇದನ್ನೆಲ್ಲ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಬಿಜಿಪಿ ಎಂದದ್ದಕ್ಕೆ ‘ಅದ್ಯಾವ ಪಾರ್ಟಿಲೇ’ ಎಂದು ನಕ್ಕರು. ಕಳ್ಳ, ನಕಲಿ ವಂಶವೃಕ್ಷ ಎಂದಾಗ ನಗಲಿಲ್ಲ. ಅಜ್ಜನ ಮರಣ ಪ್ರಮಾಣಪತ್ರ ಟ್ರಂಕಿನಿಂದ ಹೊರಬಂತು. ಅರ್ಜಿ ಕೊಟ್ಟಿದ್ದೇವೆ. ಮಂಗಳೂರಿಗೆ ದುಡಿಯಲು ಹೋಗಿರುವ ಕಾಕಾ ಬಂದು ಒಪ್ಪಿಗೆಗೆ ಸಹಿ ಹಾಕಬೇಕು. ನನ್ನ ಲ್ಯಾಬ್ ಪರೀಕ್ಷೆ ಮುಗಿಯುವ ವಾರ ಬರುತ್ತೇನೆ ಎಂದಿದ್ದಾರೆ.