ಮನೆಯ ಕಡತ

ನಾನು ಹುಡುಗನಾಗಿದ್ದಾಗ ನಮ್ಮ ನಡುಮನೆಯ ಗೋಡೆಯ ಮೇಲೆ ಕೊಕ್ಕೆಯಂತೆ ಬಾಗಿದ ಒಂದು ತಂತಿ ತೂಗುತ್ತಿತ್ತು. ಮನೆಗೆ ಬಂದ ಕಾಗದಗಳೆಲ್ಲ ಆ ತಂತಿಯನ್ನು ಸೇರಬೇಕೆಂಬುದು ನಮ್ಮ ತಂದೆಯವರ ಕಟ್ಟಪ್ಪಣೆ. ನೆಂಟರ ಕಾರ್ಡು, ಕಂದಾಯದ ರಸೀತಿ, ಲಗ್ನಪತ್ರಿಕೆ, ಗೊಬ್ಬರದಂಗಡಿಯ ಚೀಟಿ ಎಲ್ಲವೂ ಬಂದ ಕ್ರಮದಲ್ಲಿಯೇ ಚುಚ್ಚಿಸಿಕೊಂಡು ಅಲ್ಲಿ ನೇತಾಡುತ್ತಿದ್ದವು. ತಂತಿ ತುಂಬಿದರೆ ಆ ಕಂತೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗೆ ಹೋಗುತ್ತಿತ್ತು. ಗೋಡೆಗೆ ಹೊಸ ತಂತಿ ಬರುತ್ತಿತ್ತು. ತಂದೆಯವರು ಒಂದು ಕಾಗದವನ್ನೂ ಎಸೆದವರಲ್ಲ. ಆದುದರಿಂದ ತಾವು ಬಹಳ ಅಚ್ಚುಕಟ್ಟಿನವರೆಂದು ಅವರು ನಂಬಿದ್ದರು, ನಾವೂ ನಂಬಿದ್ದೆವು.

ಆ ನಂಬಿಕೆಗೆ ಪರೀಕ್ಷೆ ಬಂದುದು ಭೂಸುಧಾರಣೆಯ ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಗೆ ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂಮಿಯ ಹಕ್ಕನ್ನು ಕೇಳುವ ಅವಕಾಶ ಅದರಿಂದ ದೊರೆಯಿತು. ನಾವು ಇಬ್ಬರು ಒಡೆಯರಿಂದ ಎರಡು ತುಂಡು ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದೆವು. ಪಹಣಿಯಲ್ಲಿ ತಂದೆಯವರ ಹೆಸರು ಗೇಣಿದಾರರೆಂದು ದಾಖಲಾಗಿರಲಿಲ್ಲ. ಭತ್ತ ಅಳೆದು ಕೊಟ್ಟಾಗ ಒಡೆಯರು ಬರೆದುಕೊಡುತ್ತಿದ್ದ ಚೀಟಿಗಳೇ ನಮಗಿದ್ದ ಲಿಖಿತ ಆಧಾರ.

ವಿಚಾರಣೆಯ ನೋಟೀಸು ಬಂದ ದಿನ ಪೆಟ್ಟಿಗೆ ಕೆಳಗಿಳಿಯಿತು. ಹತ್ತೊಂಬತ್ತು ಕಂತೆಗಳು! ಅಮ್ಮ ಲಾಂದ್ರ ಹಿಡಿದಳು, ತಂದೆಯವರಿಗೆ ಕಣ್ಣು ಮಂಜು, ಓದುವವನು ನಾನೊಬ್ಬನೇ. ಮೂರು ರಾತ್ರಿ ಹುಡುಕಿದೆವು. ಒಂದು ಗದ್ದೆಯ ಚೀಟಿಗಳು ಸಿಕ್ಕವು. ಅವುಗಳಲ್ಲೊಂದರಲ್ಲಿ ತಂತಿಯು ಸರ್ವೆ ನಂಬರಿನ ಕೊನೆಯ ಅಂಕಿಯನ್ನೇ ತೂತು ಮಾಡಿತ್ತು. ಉಳಿದವುಗಳ ಬಲದಿಂದ ಆ ಗದ್ದೆ ನಮ್ಮದಾಯಿತು. ಇನ್ನೊಂದರ ಚೀಟಿಗಳು ಸಿಕ್ಕಲಿಲ್ಲ; ಗದ್ದೆಯೂ ಸಿಕ್ಕಲಿಲ್ಲ. ಮರುವರ್ಷ ದೀಪಾವಳಿಗೆ ಅಟ್ಟ ಗುಡಿಸುವಾಗ ಹಳೆಯ ಪಂಚಾಂಗವೊಂದರ ನಡುವೆ ಅವು ಕಾಣಿಸಿದವು, ಬಹು ಜೋಪಾನವಾಗಿ, ದಾರ ಕಟ್ಟಿ. ಮುಖ್ಯವಾದುವೆಂದು ತಂದೆಯವರೇ ಅವುಗಳನ್ನು ಬೇರೆ ತೆಗೆದಿಟ್ಟಿದ್ದರು; ಇಟ್ಟ ಸ್ಥಳವನ್ನು ಮರೆತಿದ್ದರು. ಅವರು ಏನೂ ಮಾತಾಡಲಿಲ್ಲ. ಅಂದಿನಿಂದ ಆ ಗದ್ದೆಯ ಬದುವಿನ ಮೇಲೆ ನಡೆಯುವುದನ್ನು ಬಿಟ್ಟು, ಸುತ್ತುದಾರಿಯಲ್ಲಿ ಪೇಟೆಗೆ ಹೋಗತೊಡಗಿದರು.

ಕೂಡಿಡುವುದು ಬೇರೆ, ಅಣಿಮಾಡಿಡುವುದು ಬೇರೆ. ಕಾಗದವನ್ನು ಇಡುವವನೊಬ್ಬ, ಅದನ್ನು ಹುಡುಕುವವನು ಬಹುಮಟ್ಟಿಗೆ ಮತ್ತೊಬ್ಬ. ಯಜಮಾನ ಹಾಸಿಗೆ ಹಿಡಿದಾಗ ವಿಮೆಯ ಪತ್ರವನ್ನು ಹುಡುಕುವವಳು ಅವನ ಹೆಂಡತಿ. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗಾಗಿ ಕಚೇರಿಗೆ ಅಲೆಯುವವಳೂ ಅವಳೇ. "ಎಲ್ಲಿದೆಯೆಂದು ನನಗೆ ಗೊತ್ತು, ಅಷ್ಟು ಸಾಕು" ಎನ್ನುವ ವ್ಯವಸ್ಥೆ ವ್ಯವಸ್ಥೆಯೇ ಅಲ್ಲವೆಂದು ನನ್ನ ಅಭಿಪ್ರಾಯ.

ಇದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯೇನಲ್ಲ. ಕಚೇರಿಯ ಫೈಲಿಗೆ ನಾವು ಬಳಸುವ ಕಡತವೆಂಬ ಶಬ್ದವೇ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಪದರ ಪದರವಾಗಿ ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಕೌಟಿಲ್ಯನ ಅರ್ಥಶಾಸ್ತ್ರವು ಅಕ್ಷಪಟಲವೆಂಬ ಲೆಕ್ಕದ ಕಚೇರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಅಲ್ಲಿ ಪುಸ್ತಕಗಳನ್ನಿಡಲು ಗೊತ್ತಾದ ಸ್ಥಾನವಿರಬೇಕೆಂದು ವಿಧಿಸಿದೆ. ವಿನೋದವೆಂದರೆ, ಆ ಗ್ರಂಥವೇ ಶತಮಾನಗಳ ಕಾಲ ಕಣ್ಮರೆಯಾಗಿತ್ತು! ಅದರ ಓಲೆಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಮೇಲೆ, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು.

ಮನೆಗೆ ಬೇಕಾದ ಏರ್ಪಾಡು ದೊಡ್ಡದಲ್ಲ. ನಾಲ್ಕೈದು ರಟ್ಟಿನ ಕಡತಗಳು ಸಾಕು. ಕಾಗದ ಬಂದ ದಿನವನ್ನಲ್ಲ, ಮುಂದೆ ಅದು ಯಾವ ಕೆಲಸಕ್ಕೆ ಬೇಕಾದೀತೆಂಬುದನ್ನು ನೋಡಿ ವಿಂಗಡಿಸಬೇಕು. ಮನೆ–ಜಮೀನಿನದು ಒಂದು, ಜನನ–ಮರಣ ಮತ್ತು ವಿದ್ಯಾಭ್ಯಾಸದ್ದು ಒಂದು, ಬ್ಯಾಂಕು–ವಿಮೆ–ಪಿಂಚಣಿಯದು ಒಂದು, ಔಷಧೋಪಚಾರದ್ದು ಒಂದು. ಪ್ರತಿಯೊಂದರ ಮೊದಲ ಹಾಳೆಯಲ್ಲಿ ಒಳಗಿರುವುದರ ಪಟ್ಟಿ ಇರಲಿ. "ಇತರೆ" ಎಂಬ ಹೆಸರಿನ ಕಡತವನ್ನು ಮಾತ್ರ ತೆರೆಯಬಾರದು. ಮನುಷ್ಯನ ಸೋಮಾರಿತನವೆಲ್ಲ ಅದರೊಳಗೆ ಹೋಗಿ ಸೇರುತ್ತದೆ; ವರ್ಷ ತುಂಬುವುದರೊಳಗೆ ಅದು ನಮ್ಮ ತಗಡಿನ ಪೆಟ್ಟಿಗೆಯೇ ಆಗುತ್ತದೆ. ಮೂಲಪತ್ರಗಳನ್ನು ಚುಚ್ಚದೆ ಲಕೋಟೆಯಲ್ಲಿಡಬೇಕು. ಹಳೆಯ ಕ್ರಯಪತ್ರಕ್ಕೆ ಬಿಸಿ ಪ್ಲಾಸ್ಟಿಕ್ಕು ಅಂಟಿಸಿಕೊಂಡು ಬರುವ ಉತ್ಸಾಹಿಗಳೂ ಇದ್ದಾರೆ. ಅಂಟಿಸಿದ್ದನ್ನು ಮತ್ತೆ ಬಿಡಿಸಲಾಗದೆಂಬುದು ಅವರಿಗೆ ಆಮೇಲೆ ತಿಳಿಯುತ್ತದೆ.

"ಈಗ ಎಲ್ಲವೂ ಗಣಕಯಂತ್ರದಲ್ಲಿದೆಯಲ್ಲ, ಸಾರ್!" ಎಂದು ನನ್ನ ಹಳೆಯ ಶಿಷ್ಯನೊಬ್ಬ ನಕ್ಕನು. ಪಹಣಿಗಳು ಗಣಕಯಂತ್ರವನ್ನೇರಿ ಎರಡು ದಶಕಗಳಾದುದೂ, ಅಂಕಪಟ್ಟಿಗಳಿಗಾಗಿ 2015ರಿಂದ ಡಿಜಿಲಾಕರ್ ಇರುವುದೂ ನಿಜವೇ. ಆದರೆ ಪಹಣಿಯನ್ನು ತೆಗೆಸಲು ಊರಿನ ಹೆಸರೂ ಸರ್ವೆ ನಂಬರೂ ಗೊತ್ತಿರಬೇಕು. ಡಿಜಿಲಾಕರನ್ನು ತೆರೆಯಲು ಗುಪ್ತಸಂಖ್ಯೆ ಬೇಕು. ಆ ಸಂಖ್ಯೆಯನ್ನು ಎಲ್ಲಿ ಬರೆದಿಟ್ಟಿರುವೆಯೆಂದು ಕೇಳಿದೆ. ಅವನು ತಲೆ ಕೆರೆದುಕೊಂಡನು.

ಕಳೆದ ತಿಂಗಳು ಪರೀಕ್ಷಿಸಬೇಕೆಂದು, ಆರನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳಿಗೆ ಮನೆಗಂದಾಯದ ರಸೀತಿಯನ್ನು ತರಲು ಹೇಳಿದೆ. ಕಾಫಿ ಆರುವುದರೊಳಗೆ ಅವಳು ಅದನ್ನು ತಂದು ಕೈಗಿತ್ತಳು. ನಾನು ಹಿಗ್ಗಿದೆನು. "ಪಟ್ಟಿ ನೋಡಿ ತಂದೆಯೇನಮ್ಮ?" ಎಂದು ಕೇಳಿದೆ. "ಇಲ್ಲ ತಾತ, ನಿಮ್ಮ ಅಕ್ಷರ ಓದಕ್ಕೇ ಆಗಲಿಲ್ಲ. ಒಂದೊಂದೇ ಹಾಳೆ ತಿರುವಿ ಹುಡುಕಿದೆ" ಎಂದಳು. ಆ ಸಂಜೆಯೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಟ್ಟಿಗಳನ್ನೆಲ್ಲ ಅವಳ ದುಂಡಗಿನ ಅಕ್ಷರದಲ್ಲಿ ಮತ್ತೆ ಬರೆಯಿಸಿದೆನು.