ನಲವತ್ತು ಸಾವಿರವಲ್ಲ, ಮೂವತ್ತು ಡಾಲರ್

ಭಾನುವಾರ ನಮ್ಮ ಸೊಸೈಟಿಯ ಐದಾರು ಕನ್ನಡದ ಮಕ್ಕಳನ್ನು ಕೂರಿಸಿಕೊಂಡು ನಾನು ಕಥೆ ಓದುತ್ತೇನೆ. ಈಚೆಗೆ ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ಕನ್ನಡಕ್ಕೆ ಬಂದ ಮಕ್ಕಳ ಪುಸ್ತಕವೊಂದನ್ನು ಓದಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡವಳು 19 ಸಲ ವಾಪಸ್ ಹೋಗಿ 300 ಜನರನ್ನು ಬಿಡಿಸಿ ತಂದಳು, ಅವಳ ತಲೆಗೆ 40,000 ಡಾಲರ್ ಬಹುಮಾನವಿತ್ತು ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಹುಡುಕಿ ನೋಡಿದರೆ ಮೂರೂ ಅಂಕಿ ನಿಜವಲ್ಲ.

19 ಮತ್ತು 300 ಎಂಬ ಲೆಕ್ಕ ಹಬ್ಬಿದ್ದು ಸಾರಾ ಬ್ರಾಡ್‌ಫರ್ಡ್ 1869ರಲ್ಲಿ ಬರೆದ ಜೀವನಚರಿತ್ರೆಯಿಂದ. ಓದುಬರಹ ಬಾರದ, ಕೈಯಲ್ಲಿ ಕಾಸಿಲ್ಲದ ಹ್ಯಾರಿಯೆಟ್‌ಗೆ ನೆರವಾಗಲೆಂದೇ ಬರೆದ ಪುಸ್ತಕ ಅದು. ಅವಸರದಲ್ಲಿ ಅಂಕಿ ಬೆಳೆಯಿತು, ಅದನ್ನು ಕ್ಷಮಿಸಬಹುದು. ಇವತ್ತಿನ ಇತಿಹಾಸಕಾರರು ಹೇಳುವುದು ಸುಮಾರು 13 ಪ್ರಯಾಣ, ಸುಮಾರು 70 ಜನ. ಇದು ಗೊತ್ತಾಗಿ ಇಷ್ಟು ವರ್ಷವಾದ ಮೇಲೂ ಹಳೆಯದನ್ನೇ ಅಚ್ಚು ಹಾಕುವವರನ್ನು ಯಾಕೆ ಕ್ಷಮಿಸಬೇಕು?

"ಮಕ್ಕಳಿಗಲ್ಲವಾ, ಸ್ವಲ್ಪ ದೊಡ್ಡದು ಮಾಡಿ ಹೇಳಿದರೆ ಏನಾಯಿತು?" ಎಂದು ಗೆಳೆಯರೊಬ್ಬರು ಕೇಳಿದರು. ಆಗುವುದು ಇದು: ದೊಡ್ಡದು ಮಾಡಿದಾಗ ಹೆಂಗಸು ಮರೆಯಾಗಿ ಸಿನಿಮಾದ ಹೀರೋ ಉಳಿಯುತ್ತಾನೆ. ಗುಲಾಮಗಿರಿ ಹೇಗೆ ನಡೆಯುತ್ತಿತ್ತು ಎನ್ನುವುದೂ ಅದರ ಜೊತೆಗೇ ಮರೆಯಾಗುತ್ತದೆ.

1849ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡಿನ ಎಲೈಜಾ ಬ್ರೋಡೆಸ್ ಎಂಬ ಒಡತಿ ನಿಜವಾಗಿ ಕೊಟ್ಟ ಜಾಹೀರಾತು ಸಿಕ್ಕಿದೆ. ಹ್ಯಾರಿಯೆಟ್ ಮತ್ತು ಅವಳ ಇಬ್ಬರು ತಮ್ಮಂದಿರನ್ನು ರಾಜ್ಯದ ಹೊರಗೆ ಹಿಡಿದರೆ ತಲೆಗೆ 100 ಡಾಲರ್, ಒಳಗೆ ಹಿಡಿದರೆ 50. ಕಳೆದುಹೋದ ದನಕ್ಕೆ ಗುರುತು ಹೇಳುವ ಹಾಗೆ ಮೈಬಣ್ಣ, ಎತ್ತರ. ನಲವತ್ತು ಸಾವಿರ ಎಂದರೆ ಮಕ್ಕಳು ಬೆರಗಾಗುತ್ತಾರೆ. ನೂರು ಎಂದರೆ ಯೋಚಿಸುತ್ತಾರೆ.

ಇನ್ನೊಂದು ಮೋಸ ವ್ಯಾಕರಣದ್ದು. "ಅವಳ ಅಕ್ಕಂದಿರು ಮಾರಾಟವಾದರು" ಎಂದಿದೆ ಪುಸ್ತಕದಲ್ಲಿ. ಎಂಟು ವರ್ಷದ ಹುಡುಗ ಕೇಳಿದ: "ಮಾರಿದ್ದು ಯಾರು ಅಂಕಲ್?" ಪುಟ ತಿರುಗಿಸಿದೆ, ಹೆಸರಿಲ್ಲ. ಮಳೆ ಬಂತು, ಬೆಳೆ ಹೋಯಿತು ಅನ್ನುವ ಹಾಗೆ ಮಾರಾಟವಾದರು! ಮಾರಿದವನು ಎಡ್ವರ್ಡ್ ಬ್ರೋಡೆಸ್. ಮೂವರು ಅಕ್ಕಂದಿರನ್ನು ದಕ್ಷಿಣಕ್ಕೆ ಮಾರಿದ. ಮಕ್ಕಳ ಪುಸ್ತಕದಲ್ಲಿ ಒಳ್ಳೆಯವರಿಗೆ ಹೆಸರಿರುತ್ತದೆ, ಕೆಟ್ಟದ್ದು ಮಾತ್ರ ತಾನಾಗಿಯೇ ನಡೆಯುತ್ತದೆ. ಹೀಗೆ ಓದಿ ಬೆಳೆದ ಮಗು ನಾಳೆ ನಮ್ಮೂರ ಜೀತದ ಬಗ್ಗೆಯೂ "ಆಗ ಹಾಗಿತ್ತು" ಎಂದು ಸುಮ್ಮನಾಗುತ್ತದೆ. ನಾವು ಹಾಗೆಯೇ ಸುಮ್ಮನಾದವರಲ್ಲವೇ?

ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಬಿಟ್ಟುಬಿಟ್ಟ ಒಂದು ಸಂಗತಿಗೆ. 1860ರ ಕೊನೆಯಲ್ಲಿ, ತನ್ನ ಕೊನೆಯ ಪ್ರಯಾಣದಲ್ಲಿ, ತಂಗಿ ರೇಚೆಲ್‌ಳನ್ನು ಕರೆತರಲು ಹ್ಯಾರಿಯೆಟ್ ಹೋದಳು. ತಂಗಿ ತೀರಿಕೊಂಡಿದ್ದಳು. ಅವಳ ಇಬ್ಬರು ಮಕ್ಕಳನ್ನಾದರೂ ತರಬೇಕೆಂದರೆ 30 ಡಾಲರ್ ಲಂಚ ಕೊಡಬೇಕಿತ್ತು. ಅವಳ ಹತ್ತಿರ ಇರಲಿಲ್ಲ. ಮಕ್ಕಳು ಅಲ್ಲಿಯೇ ಉಳಿದರು. ಆದರೂ ಅವಳು ಬರಿಗೈಯಲ್ಲಿ ಮರಳಲಿಲ್ಲ, ಬೇರೆಯವರ ಸಂಸಾರವೊಂದನ್ನು ಕರೆದುಕೊಂಡು ಬಂದಳು.

ತಲೆಗೆ ನಲವತ್ತು ಸಾವಿರ ಎಂದು ನಾವು ಕೊಂಡಾಡುವ ಹೆಂಗಸಿಗೆ ಮೂವತ್ತು ಡಾಲರ್ ಹೊಂದಲಿಲ್ಲ. ಮಕ್ಕಳಿಗೆ ಹೇಳಬೇಕಾದ ಕಥೆ ಇದು. ಅವರು ತಡೆದುಕೊಳ್ಳುವುದಿಲ್ಲ ಎನ್ನುವವರಿಗೆ ಹೇಳುತ್ತೇನೆ: ಮುಂದಿನ ಭಾನುವಾರ ತಪ್ಪೊಪ್ಪಿಕೊಂಡು ಇದನ್ನೇ ಹೇಳಿದೆ. ಚಪ್ಪಾಳೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು, "ಆ ಇಬ್ಬರು ಮಕ್ಕಳು ಆಮೇಲೆ ಏನಾದರು?" ಎಂದು ಕೇಳಿದಳು.

ಪ್ರಕಾಶಕರೇ, ಅನುವಾದಕರೇ, ಮುಂದಿನ ಮುದ್ರಣದಲ್ಲಿ ಎಪ್ಪತ್ತು ಎಂದೇ ಬರೆಯಿರಿ. ಮಾರಿದವನ ಹೆಸರು ಬರೆಯಿರಿ. ಆ ಮೂವತ್ತು ಡಾಲರನ್ನು ಬಿಡಬೇಡಿ.