ಗುಣವಾಗಿ ಬಂದವಳಿಗೆ ಮನೆಯಲ್ಲಿ ಜಾಗವಿದೆಯೇ?



ಟೈಫಾಯ್ಡ್ ಆಗಿ ಆಸ್ಪತ್ರೆ ಸೇರಿದವಳು ಮನೆಗೆ ಮರಳಿದರೆ ಎಲ್ಲರೂ ಹೋಗಿ ಮಾತಾಡಿಸುತ್ತೇವೆ. ಮನಸ್ಸಿನ ಕಾಯಿಲೆ ಗುಣಪಡಿಸಿಕೊಂಡು ಬಂದವಳನ್ನು?

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಬಿ.ಎ. ಓದುವಾಗ ಓದಿದ್ದೆ. ತ್ರಿವೇಣಿ, ಅಂದರೆ ಅನಸೂಯಾ ಶಂಕರ್, ನಮ್ಮ ಜಿಲ್ಲೆಯವರೇ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ನಾಗಮಂಗಲ ತಾಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರ ಸೋದರನ ಮಗಳು. ಮನಶ್ಶಾಸ್ತ್ರ ಓದಿದ್ದ ಅವರು 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಈ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಸಿನಿಮಾ ಮಾಡಿದರು.

ಕಥಾನಾಯಕಿ ಕಾವೇರಿಗೆ ಎರಡನೇ ಹೆರಿಗೆಯ ನಂತರ ಬುದ್ಧಿಭ್ರಮಣೆಯಾಗುತ್ತದೆ. ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನ ಮನಸ್ಸು ಬೇರೆ ಕಡೆ ತಿರುಗಿದೆ. ಅವಳು ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಕೊನೆಗೆ ಮತ್ತೆ ಆಸ್ಪತ್ರೆಗೇ ಸೇರುತ್ತಾಳೆ. ಮೊದಲ ಸಲ ಅವಳನ್ನು ಅಲ್ಲಿಗೆ ಕಳಿಸಿದ್ದು ಕಾಯಿಲೆ. ಎರಡನೇ ಸಲ ಕಳಿಸಿದ್ದು ಮನೆಯವರು, ನೆರೆಯವರು.

ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ ನನ್ನ ವಿದ್ಯಾರ್ಥಿನಿಯ ತಾಯಿಗೂ ಹೀಗೆಯೇ ಆಯಿತು. ಹೆರಿಗೆಯಾಗಿ ಹತ್ತು ದಿನಕ್ಕೆ ನಿದ್ದೆ ಹೋಯಿತು, ಮಗು ತನ್ನದಲ್ಲವೆಂದು ಕೂಗಾಡಿದಳು. ಪಾಂಡವಪುರದ ತವರಿನವರು ಜಿನ್ನ್ ಹಿಡಿದಿದೆಯೆಂದು ತಾಯಿತ ಕಟ್ಟಿಸಿದರು. ಕೊನೆಗೆ ಡಾಕ್ಟರ ಮದ್ದಿನಿಂದ ಗುಣವಾದಳು. ನೋಡಲು ಹೋದಾಗ ಮಗು ಅತ್ತಿತು. ಅವಳು ಕೈಚಾಚುವ ಮೊದಲೇ ನಾನು ಎತ್ತಿಕೊಂಡುಬಿಟ್ಟೆ. “ನನ್ನ ಕೈಗೆ ಕೊಡಿ ಆಪಾ, ಬೀಳಿಸೋದಿಲ್ಲ” ಅಂದಳು. ಕಾದಂಬರಿ ಓದಿ ಕಣ್ಣೀರಿಟ್ಟವಳು ನಾನು! ಅಂದು ತಲೆ ಎತ್ತಲಾಗಲಿಲ್ಲ.

ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಈ ಕಾಯಿಲೆ ಬರುತ್ತದೆ. ಇದು ಅವಳ ತಪ್ಪಲ್ಲ, ನಾಟಕವೂ ಅಲ್ಲ. ನಿದ್ದೆಯಿಲ್ಲದಿರುವುದು, ವಿನಾಕಾರಣ ಭಯ, ಇಲ್ಲದ ದನಿ ಕೇಳಿಸುವುದು ಕಂಡರೆ ತಡಮಾಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ತಾಯಿ-ಮಗುವನ್ನು ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ, ಕನ್ನಡದಲ್ಲೇ ಸಲಹೆ ಕೇಳಬಹುದು.

ಪ್ರತಿಯೊಂದು ಕಾಯಿಲೆಗೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆ. ದುಆ ಮಾಡೋಣ, ಮದ್ದನ್ನೂ ಕೊಡಿಸೋಣ.

ಗುಣವಾಗಿ ಬಂದವಳ ಕೈಗೆ ಅವಳ ಮಗುವನ್ನು, ಅಡುಗೆಮನೆಯನ್ನು, ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ಮರಳಿ ಕೊಡೋಣ. ನಿಮ್ಮ ಬೀದಿಯಲ್ಲಿ ಅಂಥವಳಿದ್ದರೆ ಈ ವಾರವೇ ಹೋಗಿ ಬನ್ನಿ. ಅವಳ ಕೈಯ ಚಹಾ ಕುಡಿದು ಬನ್ನಿ.